ಕ್ಲಾಡಿಯಸನ ಅಂಗಚಲನೆಯೂ ಚರಿತ್ರಕಾರರ ತೀರ್ಪೂ

ತಲೆ ನಡುಗುವುದು, ಕಾಲೆಳೆಯುವುದು, ನಾಲಗೆ ತೊದಲುವುದು ಇವೆಲ್ಲ ನರಸ್ನಾಯುಗಳಿಗೆ ಸಂಬಂಧಿಸಿದ ಸಂಗತಿಗಳು. ನೋಡುವವರಾದರೋ ಇವನ್ನು ಬುದ್ಧಿಮಾಂದ್ಯದ ಕುರುಹುಗಳೆಂದು ಭಾವಿಸಿಬಿಡುತ್ತಾರೆ. ಇಂಥ ಅವಸರದ ತೀರ್ಪು ಆಕರಗ್ರಂಥಗಳಲ್ಲಿ ಹೇಗೆ ಬೇರೂರುತ್ತದೆಂಬುದಕ್ಕೆ ರೋಮನ್ ಚಕ್ರವರ್ತಿ ಕ್ಲಾಡಿಯಸನಿಗಿಂತ (ಆಳ್ವಿಕೆ ಕ್ರಿ. ಶ. 41–54) ಸ್ಪಷ್ಟವಾದ ನಿದರ್ಶನವನ್ನು ನಾವು ಕಾಣೆವು.

ಅವನ ರೋಗವನ್ನು ಪೋಲಿಯೋ ಎಂದವರುಂಟು, ಹುಟ್ಟಿನಿಂದ ಬಂದ ಮಿದುಳಿನ ಲಕ್ವವೆಂದವರೂ ಉಂಟು. ಆ ಚರ್ಚೆ ವೈದ್ಯರಿಗಿರಲಿ. ನಮಗೆ ಮುಖ್ಯವಾದುದು ಕಂಡವರ ನಡವಳಿಕೆ. ಇದಕ್ಕೆ ಪ್ರಧಾನ ಆಕರ ಸ್ಯೂಟೋನಿಯಸ್. ಅವನು ಕ್ಲಾಡಿಯಸನ ಮರಣಾನಂತರ ಹುಟ್ಟಿದವನಾದರೂ ಅಗಸ್ಟಸನ ಪತ್ರಗಳನ್ನು ಉದ್ಧರಿಸಿದ್ದಾನೆ. ಯಾರನ್ನಾದರೂ ದಡ್ಡನೆಂದು ಹಳಿಯಬೇಕಾದರೆ ತಾಯಿ ಅಂಟೋನಿಯಾ 'ನನ್ನ ಮಗನಿಗಿಂತಲೂ ದಡ್ಡ' ಎನ್ನುತ್ತಿದ್ದಳಂತೆ. ಕ್ರೀಡೋತ್ಸವದಲ್ಲಿ ರಾಜಕುಟುಂಬದ ಆಸನದಲ್ಲಿ ಇವನು ಕುಳಿತರೆ ಜನ ನಕ್ಕಾರೆಂದು ಅಗಸ್ಟಸನು ಅಂಜಿದನು. ಅದೇ ಅಗಸ್ಟಸನು ಪತ್ನಿ ಲಿವಿಯಾಳಿಗೆ ಬರೆದ ಇನ್ನೊಂದು ಪತ್ರದಲ್ಲಿ, ಮಾತು ಇಷ್ಟು ಅಸ್ಪಷ್ಟವಾದ ಹುಡುಗನು ಭಾಷಣವನ್ನು ಅಷ್ಟು ಸೊಗಸಾಗಿ ಮಾಡಿದನಲ್ಲಾ ಎಂದು ಬೆರಗಾಗುತ್ತಾನೆ. ಬೆರಗಾದರೂ, ಶಕುನ ನೋಡುವ ಪುರೋಹಿತಪದವಿಯೊಂದರ ಹೊರತು ಬೇರಾವ ಅಧಿಕಾರವನ್ನೂ ಕೊಡಲಿಲ್ಲ! ಕ್ಲಾಡಿಯಸನು ಕಾನ್ಸಲನಾದದ್ದು ಕ್ರಿ. ಶ. 37ರಲ್ಲಿ, ನಡುವಯಸ್ಸಿನಲ್ಲಿ.

ಸ್ಯೂಟೋನಿಯಸನ ಒಂದು ಮಾತನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಕ್ಲಾಡಿಯಸನು ನಿಂತಾಗ, ಕುಳಿತಾಗ, ಅದರಲ್ಲೂ ಒರಗಿದ್ದಾಗ ಗಂಭೀರನಾಗಿ ತೋರುತ್ತಿದ್ದನು. ನಡೆಯುವಾಗ ಮೊಣಕಾಲು ಸೋಲುತ್ತಿತ್ತು. ಅದೇ ಮುಖ, ಅದೇ ಬುದ್ಧಿ; ಹೆಜ್ಜೆಯಿಟ್ಟೊಡನೆ ನೋಡುವವರ ಗೌರವ ಕರಗುತ್ತಿತ್ತು.

ಕ್ರಿ. ಶ. 41ರಲ್ಲಿ ಇವನಿಂದಲೇ ಕಾರ್ಸಿಕಾ ದ್ವೀಪಕ್ಕೆ ಗಡೀಪಾರಾಗಿದ್ದ ಸೆನೆಕನು, ಇವನು ಸತ್ತ ಬಳಿಕ ಬರೆದ ವಿಡಂಬನೆಯಲ್ಲಿ ಅಲುಗುವ ತಲೆಯನ್ನೂ ಎಳೆಯುವ ಬಲಗಾಲನ್ನೂ ಅರ್ಥವಾಗದ ದನಿಯನ್ನೂ ಗೇಲಿಮಾಡಿದನು. ಹಗೆಯುಳ್ಳವನಿಗೆ ಇದಕ್ಕಿಂತ ಸುಲಭವಾದ ಆಯುಧ ಇನ್ನಾವುದಿದ್ದೀತು? ಮುಂದಿನವರು ಹಗೆಯನ್ನು ಮರೆತು ಚಿತ್ರವನ್ನು ಮಾತ್ರ ಉಳಿಸಿಕೊಂಡರು.

ಅದೃಷ್ಟವಶಾತ್, ಅವನ ದೇಹವನ್ನು ಕಾಣದೆ ಅವನ ಮಾತನ್ನು ಓದಲು ಒಂದು ಸಾಧನವುಂಟು. 1528ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ದೊರೆತ ಕಂಚಿನ ಶಾಸನವು, ಗಾಲ್ ಪ್ರಾಂತದ ಪ್ರಮುಖರನ್ನು ಸೆನೆಟ್ ಸಭೆಗೆ ಸೇರಿಸಿಕೊಳ್ಳಬೇಕೆಂದು ಅವನು ಕ್ರಿ. ಶ. 48ರಲ್ಲಿ ಮಾಡಿದ ಭಾಷಣದ ಬಹುಭಾಗವನ್ನು ಕಾಪಾಡಿದೆ. ಎಟ್ರುಸ್ಕನರ ಇತಿಹಾಸವನ್ನು ಗ್ರೀಕ್ ಭಾಷೆಯಲ್ಲಿ 20 ಸಂಪುಟಗಳಾಗಿ ಬರೆದಿದ್ದ ಈ 'ದಡ್ಡ'ನು, ರೋಮಿನ ದೊರೆ ಸರ್ವಿಯಸ್ ಟುಲ್ಲಿಯಸನಿಗೆ ಎಟ್ರುಸ್ಕನರಲ್ಲಿ ಮಸ್ತಾರ್ನ ಎಂಬ ಹೆಸರಿತ್ತೆಂದು ಅಲ್ಲಿ ತಿಳಿಸುತ್ತಾನೆ. ಇದೇ ಭಾಷಣವನ್ನು ತನ್ನ ಮಾತಿನಲ್ಲಿ ತಿದ್ದಿ ಬರೆದ ಟ್ಯಾಸಿಟಸನು ಆ ವಿವರವನ್ನು ಕೈಬಿಟ್ಟಿದ್ದಾನೆ.