ಶಾಲಾ ಜಿಲ್ಲೆಯ ಸಮಗ್ರ ಆಡಳಿತ ತಂತ್ರಾಂಶದ ಆಯ್ಕೆ

ಶಾಲಾ ಜಿಲ್ಲೆಯ ಸಮಗ್ರ ಆಡಳಿತ ತಂತ್ರಾಂಶ ಎಂದರೆ ಒಂದು ಶಾಲಾ ಜಿಲ್ಲೆಯ ಹಣಕಾಸು, ವೇತನ, ಸಿಬ್ಬಂದಿ, ಖರೀದಿ, ವಿದ್ಯಾರ್ಥಿ ದಾಖಲಾತಿ, ಹಾಜರಾತಿ ಮುಂತಾದ ಕಾರ್ಯಗಳನ್ನು ಪರಸ್ಪರ ಜೋಡಿಸಿದ ದತ್ತಸಂಚಯಗಳ ಮೂಲಕ ನಿರ್ವಹಿಸುವ ಗಣಕ ವ್ಯವಸ್ಥೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂತಹ ತಂತ್ರಾಂಶದ ಆಯ್ಕೆಯು ಸಾರ್ವಜನಿಕ ಹಣದ ಬಳಕೆ, ಶಿಕ್ಷಕರ ಸಂಬಳ ಹಾಗೂ ಮಕ್ಕಳ ಖಾಸಗಿ ಮಾಹಿತಿಯ ರಕ್ಷಣೆಗೆ ಸಂಬಂಧಿಸಿದ ನಿರ್ಧಾರವಾಗಿರುವುದರಿಂದ ಶಾಲಾ ಮಂಡಳಿಯ ಸಾರ್ವಜನಿಕ ಸಭೆಯಲ್ಲಿ ಅಂಗೀಕಾರಗೊಳ್ಳುವುದು ವಾಡಿಕೆ. ಒಮ್ಮೆ ಆಯ್ಕೆ ಮಾಡಿದ ವ್ಯವಸ್ಥೆಯನ್ನು ಅನೇಕ ವರ್ಷಗಳ ಕಾಲ ಬಳಸಬೇಕಾಗುತ್ತದೆ; ಆಯ್ಕೆಯಲ್ಲಾದ ತಪ್ಪನ್ನು ಸರಿಪಡಿಸುವುದು ದುಬಾರಿ.

ಹಿನ್ನೆಲೆ

ಅಮೆರಿಕದಲ್ಲಿ ಶಾಲಾ ಜಿಲ್ಲೆಯು ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯಾಗಿದೆ. ದೇಶದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಬಹುಪಾಲು ಜಿಲ್ಲೆಗಳಿಗೆ ಚುನಾಯಿತ ಮಂಡಳಿ, ಅದು ನೇಮಿಸಿದ ಸೂಪರಿಂಟೆಂಡೆಂಟ್ ಹಾಗೂ ಸ್ವಂತ ಆಯವ್ಯಯ ಇರುತ್ತವೆ. ಇಡೀ ರಾಜ್ಯಕ್ಕೆ ಒಂದೇ ಶಾಲಾ ಜಿಲ್ಲೆಯನ್ನು ಹೊಂದಿರುವ ಹವಾಯಿಯಿಂದ ಹಿಡಿದು ಒಂದೇ ಶಾಲೆಯನ್ನು ನಡೆಸುವ ಗ್ರಾಮೀಣ ಜಿಲ್ಲೆಗಳವರೆಗೆ ಇವುಗಳ ಗಾತ್ರದಲ್ಲಿ ಭಾರಿ ವ್ಯತ್ಯಾಸವಿದೆ.

ಆರಂಭದಲ್ಲಿ ದೊಡ್ಡ ಜಿಲ್ಲೆಗಳು ಮೇನ್‌ಫ್ರೇಮ್ ಗಣಕಗಳಲ್ಲಿ ತಾವೇ ಬರೆಸಿಕೊಂಡ ಕಾರ್ಯಕ್ರಮಗಳನ್ನು ಬಳಸುತ್ತಿದ್ದವು. ವೇತನಕ್ಕೆ ಒಂದು, ಲೆಕ್ಕಪತ್ರಕ್ಕೆ ಇನ್ನೊಂದು, ಹಾಜರಾತಿಗೆ ಮತ್ತೊಂದು ಎಂಬಂತೆ ಪ್ರತ್ಯೇಕ ವ್ಯವಸ್ಥೆಗಳಿದ್ದುದರಿಂದ ಒಬ್ಬ ಶಿಕ್ಷಕನ ಅಥವಾ ವಿದ್ಯಾರ್ಥಿಯ ವಿವರವನ್ನು ಹಲವು ಕಡೆ ಪುನಃ ಪುನಃ ನಮೂದಿಸಬೇಕಾಗುತ್ತಿತ್ತು. ಈ ವಿವರಗಳ ನಡುವಿನ ಹೊಂದಾಣಿಕೆಯ ಕೊರತೆಯೇ ಸಮಗ್ರ ತಂತ್ರಾಂಶದ ಬೇಡಿಕೆಗೆ ಮುಖ್ಯ ಕಾರಣವಾಯಿತು.

ಪ್ರಮುಖ ಘಟಕಗಳು

ಶಾಲಾ ಜಿಲ್ಲೆಗಳ ಆಡಳಿತ ತಂತ್ರಾಂಶವನ್ನು ಸ್ಥೂಲವಾಗಿ ಎರಡು ಭಾಗಗಳಾಗಿ ವಿಂಗಡಿಸಬಹುದು.

ವ್ಯವಹಾರ ವಿಭಾಗ: ಆಯವ್ಯಯ, ಲೆಕ್ಕಪತ್ರ, ಖರೀದಿ, ವೇತನ, ನೇಮಕಾತಿ, ರಜೆ, ನಿವೃತ್ತಿ ವೇತನದ ವಂತಿಗೆ ಮುಂತಾದವು ಇದರಲ್ಲಿ ಸೇರುತ್ತವೆ. ಟೈಲರ್ ಟೆಕ್ನಾಲಜೀಸ್‌ನ ಮ್ಯೂನಿಸ್, ಸ್ಕೈವರ್ಡ್, ಆರಕಲ್‌ನ ಪೀಪಲ್‌ಸಾಫ್ಟ್, ಎಸ್‌ಎಪಿ ಮೊದಲಾದವು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಉತ್ಪನ್ನಗಳು.

ವಿದ್ಯಾರ್ಥಿ ಮಾಹಿತಿ ವಿಭಾಗ: ದಾಖಲಾತಿ, ಹಾಜರಾತಿ, ವೇಳಾಪಟ್ಟಿ, ಅಂಕಗಳು, ವಿಶೇಷ ಶಿಕ್ಷಣದ ದಾಖಲೆಗಳು ಹಾಗೂ ಪೋಷಕರೊಂದಿಗಿನ ಸಂಪರ್ಕ ಇದರ ವ್ಯಾಪ್ತಿಗೆ ಬರುತ್ತವೆ. ಪವರ್‌ಸ್ಕೂಲ್, ಇನ್‌ಫಿನಿಟ್ ಕ್ಯಾಂಪಸ್ ಮತ್ತು ಸ್ಕೈವರ್ಡ್ ಇಲ್ಲಿ ಪ್ರಸಿದ್ಧವಾಗಿವೆ.

ಎರಡೂ ಭಾಗಗಳನ್ನು ಒಂದೇ ಸಂಸ್ಥೆಯಿಂದ ಕೊಳ್ಳಬೇಕೇ ಅಥವಾ ಪ್ರತಿ ಭಾಗಕ್ಕೂ ಸೂಕ್ತವಾದುದನ್ನು ಬೇರೆ ಬೇರೆಯಾಗಿ ಆರಿಸಿ ಜೋಡಿಸಬೇಕೇ ಎಂಬುದು ಆಯ್ಕೆಯ ಮೊದಲ ಪ್ರಶ್ನೆ. ಒಂದೇ ಸಂಸ್ಥೆಯ ಉತ್ಪನ್ನದಲ್ಲಿ ಜೋಡಣೆಯ ಕೆಲಸ ಕಡಿಮೆ. ಆದರೆ ಅದರ ಯಾವುದಾದರೂ ಒಂದು ಭಾಗ ದುರ್ಬಲವಾಗಿದ್ದರೆ ಅದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಪ್ರತ್ಯೇಕ ಉತ್ಪನ್ನಗಳನ್ನು ಆರಿಸಿದಾಗ ಅವುಗಳ ನಡುವಿನ ಮಾಹಿತಿ ವಿನಿಮಯವನ್ನು ಸುಸ್ಥಿತಿಯಲ್ಲಿಡುವ ಹೊಣೆ ಜಿಲ್ಲೆಯ ಮೇಲೆ ಬೀಳುತ್ತದೆ.

ಶಾಲಾ ಜಿಲ್ಲೆಗಳ ವಿಶಿಷ್ಟ ಅಗತ್ಯಗಳು

ಸಾಮಾನ್ಯ ವಾಣಿಜ್ಯ ಸಂಸ್ಥೆಗಳಿಗಾಗಿ ರೂಪಿಸಿದ ತಂತ್ರಾಂಶ ಶಾಲಾ ಜಿಲ್ಲೆಗೆ ಹಾಗೆಯೇ ಒಗ್ಗುವುದಿಲ್ಲ. ಇದಕ್ಕೆ ಕೆಲವು ಕಾರಣಗಳಿವೆ.

ನಿಧಿವಾರು ಲೆಕ್ಕ: ಜಿಲ್ಲೆಗೆ ಬರುವ ಹಣವು ಸ್ಥಳೀಯ ಆಸ್ತಿ ತೆರಿಗೆ, ರಾಜ್ಯದ ಅನುದಾನ ಮತ್ತು ಒಕ್ಕೂಟ ಸರ್ಕಾರದ ಅನುದಾನ ಎಂಬ ಹಲವು ಮೂಲಗಳದ್ದಾಗಿರುತ್ತದೆ. ಒಂದು ಉದ್ದೇಶಕ್ಕೆ ಬಂದ ಹಣವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. 1965ರ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಯ ಮೊದಲನೆಯ ಅಧ್ಯಾಯದಡಿ ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ದೊರೆಯುವ ಅನುದಾನ ಇದಕ್ಕೆ ಉದಾಹರಣೆ. ಒಬ್ಬ ಶಿಕ್ಷಕಿಯ ಸಂಬಳದ 60 ಭಾಗ ಸಾಮಾನ್ಯ ನಿಧಿಯಿಂದಲೂ 40 ಭಾಗ ಈ ಅನುದಾನದಿಂದಲೂ ಬರುತ್ತಿದ್ದರೆ, ಪ್ರತಿ ವೇತನದಲ್ಲಿಯೂ ತೆರಿಗೆ, ವಿಮೆ, ನಿವೃತ್ತಿ ವಂತಿಗೆ ಎಲ್ಲವೂ ಅದೇ ಪ್ರಮಾಣದಲ್ಲಿ ಹಂಚಿಕೆಯಾಗಬೇಕು.

ವೇತನದ ಜಟಿಲತೆ: ಅನೇಕ ಶಿಕ್ಷಕರು ಸುಮಾರು ಹತ್ತು ತಿಂಗಳು ದುಡಿದು ಹನ್ನೆರಡು ತಿಂಗಳು ಸಂಬಳ ಪಡೆಯುತ್ತಾರೆ. ಅದೇ ವ್ಯಕ್ತಿ ಕ್ರೀಡಾ ತರಬೇತುದಾರನಾಗಿ ಅಥವಾ ಬೇಸಿಗೆ ಶಾಲೆಯ ಶಿಕ್ಷಕನಾಗಿ ಬೇರೆ ದರದಲ್ಲಿ ಭತ್ಯೆ ಪಡೆಯಬಹುದು. ಶಿಕ್ಷಕರು, ಬಸ್ ಚಾಲಕರು, ಅಡುಗೆ ಸಿಬ್ಬಂದಿ ಮೊದಲಾದವರ ಕಾರ್ಮಿಕ ಸಂಘಗಳೊಂದಿಗಿನ ಒಪ್ಪಂದಗಳೂ ಭಿನ್ನವಾಗಿರುತ್ತವೆ.

ಹಾಜರಾತಿ ಆಧಾರಿತ ಅನುದಾನ: ಕ್ಯಾಲಿಫೋರ್ನಿಯ ಮತ್ತು ಟೆಕ್ಸಾಸ್ ರಾಜ್ಯಗಳು ಶಾಲೆಗೆ ಸೇರಿದ ಮಕ್ಕಳ ಸಂಖ್ಯೆಯ ಬದಲು ಸರಾಸರಿ ದೈನಂದಿನ ಹಾಜರಾತಿಯನ್ನು ಅನುದಾನಕ್ಕೆ ಆಧಾರವಾಗಿಟ್ಟುಕೊಂಡಿವೆ. 20,000 ವಿದ್ಯಾರ್ಥಿಗಳಿರುವ ಜಿಲ್ಲೆಯಲ್ಲಿ ತಂತ್ರಾಂಶದ ದೋಷದಿಂದ ಹಾಜರಾತಿ ಶೇ. 1ರಷ್ಟು ಕಡಿಮೆ ದಾಖಲಾದರೆ 200 ಮಕ್ಕಳಿಗೆ ಸಲ್ಲಬೇಕಾದ ಅನುದಾನ ತಪ್ಪಿಹೋಗುತ್ತದೆ.

ಆಯ್ಕೆಯ ಹಂತಗಳು

ಅಗತ್ಯಗಳ ಪಟ್ಟಿ: ಜಿಲ್ಲೆಯು ಮೊದಲು ತನ್ನ ಈಗಿನ ಕಾರ್ಯವಿಧಾನಗಳನ್ನು ದಾಖಲಿಸುತ್ತದೆ. ಇದಕ್ಕಾಗಿ ರಚಿಸುವ ಸಮಿತಿಯಲ್ಲಿ ಹಣಕಾಸು ಮತ್ತು ಮಾಹಿತಿ ತಂತ್ರಜ್ಞಾನ ವಿಭಾಗಗಳ ಅಧಿಕಾರಿಗಳಲ್ಲದೆ ವೇತನ ಗುಮಾಸ್ತರು, ಶಾಲಾ ಕಚೇರಿಯ ಕಾರ್ಯದರ್ಶಿಗಳು, ಶಿಕ್ಷಕರು ಹಾಗೂ ಪ್ರಾಂಶುಪಾಲರೂ ಇರುವುದು ಅಪೇಕ್ಷಣೀಯ. ದಿನನಿತ್ಯ ತಂತ್ರಾಂಶವನ್ನು ಬಳಸುವವರಿಗೆ ಮಾತ್ರ ತಿಳಿದಿರುವ ಅಪವಾದಾತ್ಮಕ ಸಂದರ್ಭಗಳು ಈ ಹಂತದಲ್ಲಿ ಬೆಳಕಿಗೆ ಬರುತ್ತವೆ. ಕಡ್ಡಾಯ ಅಗತ್ಯಗಳನ್ನೂ ಇದ್ದರೆ ಒಳಿತು ಎನ್ನುವಂತಹವನ್ನೂ ಬೇರ್ಪಡಿಸಲಾಗುತ್ತದೆ.

ಪ್ರಸ್ತಾವನೆಗಳ ಆಹ್ವಾನ: ಅಗತ್ಯಗಳ ಪಟ್ಟಿ, ಮೌಲ್ಯಮಾಪನದ ಮಾನದಂಡಗಳು ಮತ್ತು ಗಡುವನ್ನು ಒಳಗೊಂಡ ಪ್ರಕಟಣೆಯನ್ನು ಹೊರಡಿಸಿ ಸಂಸ್ಥೆಗಳಿಂದ ಲಿಖಿತ ಪ್ರಸ್ತಾವನೆಗಳನ್ನು ಪಡೆಯಲಾಗುತ್ತದೆ. ಮಾನದಂಡಗಳಿಗೆ ಅಂಕಗಳನ್ನು ಮುಂಚಿತವಾಗಿಯೇ ನಿಗದಿಪಡಿಸುವುದರಿಂದ ಪಕ್ಷಪಾತದ ಆರೋಪಗಳಿಗೆ ಅವಕಾಶ ಕಡಿಮೆಯಾಗುತ್ತದೆ. ಎಲ್ಲಕ್ಕೂ "ಹೌದು" ಎಂಬ ಉತ್ತರ ಬರುವುದನ್ನು ತಪ್ಪಿಸಲು, ಆ ಸೌಲಭ್ಯವು ಈಗಾಗಲೇ ಇದೆಯೇ, ಹೊಂದಿಸಿಕೊಂಡರೆ ಸಿಗುತ್ತದೆಯೇ, ಹೊಸದಾಗಿ ಬರೆಯಬೇಕೇ ಎಂದು ಬಿಡಿಸಿ ಕೇಳಲಾಗುತ್ತದೆ.

ಪ್ರಾತ್ಯಕ್ಷಿಕೆ: ಮಾರಾಟಗಾರರು ತಮಗೆ ಅನುಕೂಲವಾದುದನ್ನು ಮಾತ್ರ ತೋರಿಸದಂತೆ ಜಿಲ್ಲೆಯೇ ಸನ್ನಿವೇಶಗಳನ್ನು ಸಿದ್ಧಪಡಿಸಿ ಕೊಡುತ್ತದೆ. ವರ್ಷದ ನಡುವೆ ಶಾಲೆ ಬದಲಿಸಿದ ಶಿಕ್ಷಕನಿಗೆ ಹಿಂದಿನ ದಿನಾಂಕದಿಂದ ವೇತನ ಹೆಚ್ಚಳ ಕೊಡುವುದು, ಇಬ್ಬರು ಪೋಷಕರು ಬೇರೆ ಬೇರೆ ವಿಳಾಸಗಳಲ್ಲಿರುವ ಮಗುವಿನ ದಾಖಲೆಗಳನ್ನು ನ್ಯಾಯಾಲಯದ ಆದೇಶಕ್ಕೆ ಅನುಗುಣವಾಗಿ ಹಂಚಿಕೊಳ್ಳುವುದು ಇಂತಹ ಸನ್ನಿವೇಶಗಳಾಗಿವೆ.

ಇತರ ಜಿಲ್ಲೆಗಳ ಅನುಭವ: ಅದೇ ರಾಜ್ಯದ, ಸರಿಸುಮಾರು ಅದೇ ಗಾತ್ರದ ಜಿಲ್ಲೆಗಳನ್ನು ವಿಚಾರಿಸುವುದು ಮುಖ್ಯ. ರಾಜ್ಯಕ್ಕೆ ಸಲ್ಲಿಸಬೇಕಾದ ವರದಿಗಳ ನಮೂನೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ ಬೇರೆಡೆ ಯಶಸ್ವಿಯಾದ ತಂತ್ರಾಂಶ ಇಲ್ಲಿ ವಿಫಲವಾಗಬಹುದು.

ವೆಚ್ಚದ ಲೆಕ್ಕಾಚಾರ

ಪರವಾನಗಿ ಶುಲ್ಕವು ಒಟ್ಟು ವೆಚ್ಚದ ಒಂದು ಭಾಗ ಮಾತ್ರ. ಹಳೆಯ ದತ್ತಾಂಶದ ವರ್ಗಾವಣೆ, ತರಬೇತಿ, ಇತರ ವ್ಯವಸ್ಥೆಗಳೊಂದಿಗೆ ಜೋಡಣೆ, ಸಲಹೆಗಾರರ ಶುಲ್ಕ ಹಾಗೂ ಯೋಜನೆಯಲ್ಲಿ ತೊಡಗಿದ ಸಿಬ್ಬಂದಿಯ ಬದಲಿಗೆ ನೇಮಿಸುವ ತಾತ್ಕಾಲಿಕ ನೌಕರರ ವೆಚ್ಚವನ್ನೂ ಸೇರಿಸಬೇಕಾಗುತ್ತದೆ. ಒಂದು ಕಾಲ್ಪನಿಕ ಉದಾಹರಣೆಯಲ್ಲಿ, 10,000 ವಿದ್ಯಾರ್ಥಿಗಳ ಜಿಲ್ಲೆಗೆ ಮೊದಲ ಸಂಸ್ಥೆಯು ವಿದ್ಯಾರ್ಥಿಯೊಬ್ಬರಿಗೆ ವರ್ಷಕ್ಕೆ 8 ಡಾಲರ್ ಹಾಗೂ ಅನುಷ್ಠಾನಕ್ಕೆ 1.5 ಲಕ್ಷ ಡಾಲರ್ ಕೇಳುತ್ತದೆ. ಎರಡನೆಯದು 6 ಡಾಲರ್ ಹಾಗೂ ಅನುಷ್ಠಾನಕ್ಕೆ 3.6 ಲಕ್ಷ ಡಾಲರ್ ಕೇಳುತ್ತದೆ. ವಾರ್ಷಿಕ ದರದಲ್ಲಿ ಎರಡನೆಯದು ಅಗ್ಗವಾಗಿ ಕಂಡರೂ ಏಳು ವರ್ಷಗಳಲ್ಲಿ ಮೊದಲನೆಯದರ ವೆಚ್ಚ 7.1 ಲಕ್ಷ ಡಾಲರ್, ಎರಡನೆಯದರ ವೆಚ್ಚ 7.8 ಲಕ್ಷ ಡಾಲರ್ ಆಗುತ್ತದೆ.

ಸ್ವಂತ ಸರ್ವರ್‌ಗಳ ಬದಲು ಕ್ಲೌಡ್ ಆಧಾರಿತ ಚಂದಾ ಪದ್ಧತಿ ಬಳಕೆಗೆ ಬಂದ ಮೇಲೆ ಲೆಕ್ಕಪತ್ರದ ನಿಯಮಗಳೂ ಬದಲಾಗಿವೆ. ಸರ್ಕಾರಿ ಲೆಕ್ಕಪತ್ರ ಮಾನಕ ಮಂಡಳಿಯ 96ನೆಯ ಪ್ರಕಟಣೆಯಂತೆ, 2022ರ ಜೂನ್ 15ರ ನಂತರ ಆರಂಭವಾಗುವ ಆರ್ಥಿಕ ವರ್ಷಗಳಿಂದ, ಹನ್ನೆರಡು ತಿಂಗಳಿಗಿಂತ ದೀರ್ಘವಾದ ತಂತ್ರಾಂಶ ಚಂದಾ ಒಪ್ಪಂದಗಳನ್ನು ಆಸ್ತಿ ಮತ್ತು ಹೊಣೆಗಾರಿಕೆಯಾಗಿ ತೋರಿಸಬೇಕಾಗುತ್ತದೆ.

ದತ್ತಾಂಶ ಮಾನಕಗಳು

ಬೇರೆ ಬೇರೆ ತಂತ್ರಾಂಶಗಳು ಪರಸ್ಪರ ಮಾಹಿತಿ ವಿನಿಮಯ ಮಾಡಿಕೊಳ್ಳಲು ಎಸ್‌ಐಎಫ್, ಒನ್‌ರೋಸ್ಟರ್, ಎಡ್-ಫೈ ಮುಂತಾದ ಮುಕ್ತ ಮಾನಕಗಳಿವೆ. ತಂತ್ರಾಂಶವು ಇವುಗಳನ್ನು ಬೆಂಬಲಿಸದಿದ್ದರೆ ಗ್ರಂಥಾಲಯ, ಬಸ್ ಮಾರ್ಗ, ಮಧ್ಯಾಹ್ನದ ಊಟ ಇವುಗಳ ವ್ಯವಸ್ಥೆಗಳೊಂದಿಗೆ ಪ್ರತ್ಯೇಕ ಜೋಡಣೆಗಳನ್ನು ಬರೆಸಬೇಕಾಗುತ್ತದೆ. ಮುಂದೊಂದು ದಿನ ಬೇರೆ ತಂತ್ರಾಂಶಕ್ಕೆ ಹೋಗುವುದೂ ಕಷ್ಟವಾಗುತ್ತದೆ. ಆದ್ದರಿಂದ ಒಪ್ಪಂದ ಮುಗಿದಾಗ ಎಲ್ಲ ದತ್ತಾಂಶವನ್ನು ಬಳಸಬಹುದಾದ ರೂಪದಲ್ಲಿ ಹಿಂದಿರುಗಿಸುವ ಷರತ್ತನ್ನು ಒಪ್ಪಂದದಲ್ಲಿಯೇ ಸೇರಿಸುವುದು ಸೂಕ್ತ.

ಖಾಸಗಿತನ ಮತ್ತು ಭದ್ರತೆ

1974ರ ಕೌಟುಂಬಿಕ ಶೈಕ್ಷಣಿಕ ಹಕ್ಕುಗಳು ಮತ್ತು ಖಾಸಗಿತನ ಕಾಯ್ದೆಯು (ಫೆರ್ಪಾ) ವಿದ್ಯಾರ್ಥಿಯ ದಾಖಲೆಗಳನ್ನು ನೋಡುವ ಹಕ್ಕನ್ನು ಪೋಷಕರಿಗೆ ನೀಡುತ್ತದೆ ಮತ್ತು ಅವುಗಳನ್ನು ಇತರರಿಗೆ ಬಹಿರಂಗಪಡಿಸುವುದನ್ನು ನಿರ್ಬಂಧಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಕಾನೂನಿನ 2-ಡಿ ವಿಭಾಗ, ಕ್ಯಾಲಿಫೋರ್ನಿಯದಲ್ಲಿ 2014ರಲ್ಲಿ ಅಂಗೀಕಾರವಾದ ವಿದ್ಯಾರ್ಥಿ ಮಾಹಿತಿ ರಕ್ಷಣಾ ಕಾನೂನು ಮೊದಲಾದವು ಮತ್ತಷ್ಟು ಷರತ್ತುಗಳನ್ನು ವಿಧಿಸಿವೆ.

2024ರ ಡಿಸೆಂಬರ್‌ನಲ್ಲಿ ಪವರ್‌ಸ್ಕೂಲ್ ಸಂಸ್ಥೆಯ ಗ್ರಾಹಕ ಸೇವಾ ಜಾಲತಾಣಕ್ಕೆ ಕದ್ದ ಗುರುತಿನ ವಿವರಗಳ ಮೂಲಕ ಪ್ರವೇಶ ಪಡೆದು ಅನೇಕ ಜಿಲ್ಲೆಗಳ ವಿದ್ಯಾರ್ಥಿ ಹಾಗೂ ಶಿಕ್ಷಕರ ಮಾಹಿತಿಯನ್ನು ಕಳವು ಮಾಡಲಾಯಿತು. ಕೆನಡಾದ ಟೊರಾಂಟೊ ಜಿಲ್ಲಾ ಶಾಲಾ ಮಂಡಳಿಯಲ್ಲಿ 1985ರಷ್ಟು ಹಿಂದಿನ ವಿದ್ಯಾರ್ಥಿಗಳ ವಿವರಗಳೂ ಇದಕ್ಕೆ ಒಳಗಾದವು. ಸಂಸ್ಥೆಯು ಒತ್ತೆಹಣ ಪಾವತಿಸಿದ ನಂತರವೂ 2025ರ ಮೇ ತಿಂಗಳಲ್ಲಿ ಕೆಲವು ಜಿಲ್ಲೆಗಳಿಗೆ ಬೆದರಿಕೆಗಳು ಬಂದವು. ಮಾರಾಟಗಾರ ಸಂಸ್ಥೆಯ ಸಿಬ್ಬಂದಿಗೆ ಜಿಲ್ಲೆಯ ದತ್ತಾಂಶದ ಮೇಲೆ ಯಾವ ಮಟ್ಟದ ಪ್ರವೇಶವಿರುತ್ತದೆ, ಹಳೆಯ ದಾಖಲೆಗಳನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗಳ ಮಹತ್ವವನ್ನು ಈ ಘಟನೆ ತೋರಿಸಿತು.

ಗಮನಾರ್ಹ ಪ್ರಕರಣಗಳು

ಲಾಸ್ ಏಂಜಲೀಸ್ ವೇತನ ವ್ಯವಸ್ಥೆ (2007): ಲಾಸ್ ಏಂಜಲೀಸ್ ಯುನಿಫೈಡ್ ಶಾಲಾ ಜಿಲ್ಲೆಯು ಹಳೆಯ ಮೇನ್‌ಫ್ರೇಮ್ ವ್ಯವಸ್ಥೆಯ ಬದಲು ಎಸ್‌ಎಪಿ ಆಧಾರಿತ ವೇತನ ತಂತ್ರಾಂಶವನ್ನು ಡೆಲಾಯ್ಟ್ ಕನ್ಸಲ್ಟಿಂಗ್ ಸಂಸ್ಥೆಯ ನೆರವಿನಿಂದ ಅಳವಡಿಸಿತು. ಇದು 2007ರ ಆರಂಭದಲ್ಲಿ ಬಳಕೆಗೆ ಬಂದೊಡನೆ ಸಾವಿರಾರು ನೌಕರರಿಗೆ ಕಡಿಮೆ ಸಂಬಳ, ಹೆಚ್ಚು ಸಂಬಳ ಅಥವಾ ಸಂಬಳವೇ ಬಾರದ ಸ್ಥಿತಿ ಉಂಟಾಯಿತು. ಹಳೆಯ ದತ್ತಾಂಶದ ದೋಷಗಳು, ಶಿಕ್ಷಕರ ವೇತನ ನಿಯಮಗಳ ಜಟಿಲತೆ ಹಾಗೂ ತರಬೇತಿಯ ಕೊರತೆ ಇದಕ್ಕೆ ಕಾರಣಗಳಾಗಿದ್ದವು. 2008ರಲ್ಲಿ ಏರ್ಪಟ್ಟ ಒಪ್ಪಂದದಂತೆ ಡೆಲಾಯ್ಟ್ ಸಂಸ್ಥೆಯು 82.5 ಲಕ್ಷ ಡಾಲರ್ ಪಾವತಿಸಲು ಮತ್ತು ತನಗೆ ಬರಬೇಕಿದ್ದ ಬಾಕಿ ಬಿಲ್ಲುಗಳನ್ನು ಬಿಟ್ಟುಕೊಡಲು ಒಪ್ಪಿತು.

ಲಾಸ್ ಏಂಜಲೀಸ್ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆ (2014): ವಿಶೇಷ ಶಿಕ್ಷಣದ ಕುರಿತು 1993ರಲ್ಲಿ ಹೂಡಲಾದ ಮೊಕದ್ದಮೆಯ ಫಲವಾಗಿ ಇದೇ ಜಿಲ್ಲೆಯು ಎಲ್ಲ ವಿದ್ಯಾರ್ಥಿಗಳ ದಾಖಲೆಗಳನ್ನು ಒಂದೆಡೆ ತರಬೇಕಾಯಿತು. ಇದಕ್ಕಾಗಿ ತನಗಿಂತ ಬಹಳ ಚಿಕ್ಕದಾದ ಫ್ರೆಸ್ನೊ ಜಿಲ್ಲೆಯ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು "ಮಿಸಿಸ್" ಎಂಬ ವ್ಯವಸ್ಥೆಯನ್ನು ರೂಪಿಸಲಾಯಿತು. 2014ರ ಆಗಸ್ಟ್‌ನಲ್ಲಿ ಶಾಲೆಗಳು ತೆರೆದಾಗ ವೇಳಾಪಟ್ಟಿಗಳು ಸರಿಯಾಗಿ ಸಿದ್ಧವಾಗಲಿಲ್ಲ. ಜೆಫರ್ಸನ್ ಪ್ರೌಢಶಾಲೆಯಲ್ಲಿ ಅನೇಕ ವಿದ್ಯಾರ್ಥಿಗಳು ತಮಗೆ ಬೇಕಾದ ತರಗತಿಗಳಿಲ್ಲದೆ ವಾರಗಟ್ಟಲೆ ಕಾಯಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯಾಯಾಲಯವು ಈ ಶಾಲೆಯ ವಿಷಯದಲ್ಲಿ ಮಧ್ಯ ಪ್ರವೇಶಿಸುವಂತೆ ರಾಜ್ಯಕ್ಕೆ ಆದೇಶಿಸಿತು. ಕಾಲೇಜು ಪ್ರವೇಶಕ್ಕೆ ಅಗತ್ಯವಾದ ಅಂಕಪಟ್ಟಿಗಳಲ್ಲಿಯೂ ದೋಷಗಳು ಕಂಡುಬಂದವು.

ವಿಸ್ಕಾನ್ಸಿನ್ (2013): ಇಡೀ ರಾಜ್ಯಕ್ಕೆ ಒಂದೇ ವಿದ್ಯಾರ್ಥಿ ಮಾಹಿತಿ ತಂತ್ರಾಂಶವನ್ನು ತರುವ ಯೋಜನೆಯಲ್ಲಿ ಮಿನ್ನೆಸೊಟದ ಇನ್‌ಫಿನಿಟ್ ಕ್ಯಾಂಪಸ್ ಆಯ್ಕೆಯಾದಾಗ, ವಿಸ್ಕಾನ್ಸಿನ್‌ನಲ್ಲಿಯೇ ನೆಲೆಗೊಂಡಿದ್ದ ಸ್ಕೈವರ್ಡ್ ಅದನ್ನು ಪ್ರಶ್ನಿಸಿತು. ಆ ಬಳಿಕ ಶಾಸನಸಭೆಯು ಒಂದಕ್ಕಿಂತ ಹೆಚ್ಚು ಸಂಸ್ಥೆಗಳಿಗೆ ಅವಕಾಶ ನೀಡಿತು.

ಅನುಷ್ಠಾನ

ಹೊಸ ವೇತನ ತಂತ್ರಾಂಶವನ್ನು ಬಳಕೆಗೆ ತರುವ ಮುನ್ನ ಹಳೆಯ ಮತ್ತು ಹೊಸ ವ್ಯವಸ್ಥೆಗಳೆರಡರಲ್ಲಿಯೂ ಒಂದೇ ಅವಧಿಯ ವೇತನವನ್ನು ಲೆಕ್ಕಹಾಕಿ ಹೋಲಿಸುವುದನ್ನು ಸಮಾನಾಂತರ ಚಾಲನೆ ಎನ್ನಲಾಗುತ್ತದೆ. ವ್ಯತ್ಯಾಸಗಳಿಗೆಲ್ಲ ಕಾರಣ ಸಿಗುವವರೆಗೆ ಹಳೆಯ ವ್ಯವಸ್ಥೆಯನ್ನು ನಿಲ್ಲಿಸದಿರುವುದು ಸುರಕ್ಷಿತ ಕ್ರಮ. ಆರ್ಥಿಕ ವರ್ಷವು ಬಹುತೇಕ ರಾಜ್ಯಗಳಲ್ಲಿ ಜುಲೈ 1ರಂದು ಆರಂಭವಾಗುವುದರಿಂದ ಹಣಕಾಸು ಭಾಗವನ್ನು ಆ ದಿನಕ್ಕೆ ಹೊಂದಿಸಲಾಗುತ್ತದೆ. ವಿದ್ಯಾರ್ಥಿ ಮಾಹಿತಿ ಭಾಗವನ್ನು ಬೇಸಿಗೆ ರಜೆಯಲ್ಲಿ ಬದಲಿಸುವುದು ರೂಢಿ. ಹಂತ ಹಂತವಾಗಿ ಬದಲಾಯಿಸುವ ಕ್ರಮವೂ ಇದೆ: ಉತ್ತರ ಕೆರೊಲಿನ ರಾಜ್ಯವು ಪವರ್‌ಸ್ಕೂಲ್‌ನಿಂದ ಇನ್‌ಫಿನಿಟ್ ಕ್ಯಾಂಪಸ್‌ಗೆ ಸಾಗುವಾಗ ಕೆಲವು ಜಿಲ್ಲೆಗಳನ್ನು 2024ರಲ್ಲಿಯೂ ಉಳಿದವನ್ನು 2025ರಲ್ಲಿಯೂ ವರ್ಗಾಯಿಸಿತು.

ಚಿಕ್ಕ ಜಿಲ್ಲೆಗಳ ಸಹಕಾರಿ ವ್ಯವಸ್ಥೆ

ಸ್ವಂತ ತಂತ್ರಜ್ಞರನ್ನು ನೇಮಿಸಿಕೊಳ್ಳಲಾಗದ ಚಿಕ್ಕ ಜಿಲ್ಲೆಗಳು ಪ್ರಾದೇಶಿಕ ಸಂಸ್ಥೆಗಳ ಮೂಲಕ ತಂತ್ರಾಂಶವನ್ನು ಹಂಚಿಕೊಳ್ಳುತ್ತವೆ. ನ್ಯೂಯಾರ್ಕ್‌ನ ಪ್ರಾದೇಶಿಕ ಮಾಹಿತಿ ಕೇಂದ್ರಗಳು, ಟೆಕ್ಸಾಸ್‌ನ 20 ಶಿಕ್ಷಣ ಸೇವಾ ಕೇಂದ್ರಗಳು ಮತ್ತು ಓಹಿಯೊದ ಮಾಹಿತಿ ತಂತ್ರಜ್ಞಾನ ಕೇಂದ್ರಗಳು ಇದಕ್ಕೆ ಉದಾಹರಣೆಗಳು. ಓಹಿಯೊದಲ್ಲಿ ರಾಜ್ಯದ ಬೆಂಬಲದಿಂದಲೇ ಅಭಿವೃದ್ಧಿಪಡಿಸಿದ ಲೆಕ್ಕಪತ್ರ ಹಾಗೂ ವೇತನ ತಂತ್ರಾಂಶಗಳು ಬಳಕೆಯಲ್ಲಿವೆ.

ಕರ್ನಾಟಕದ ವ್ಯವಸ್ಥೆಯೊಂದಿಗೆ ವ್ಯತ್ಯಾಸ

ಅಮೆರಿಕದ ಶಾಲಾ ಜಿಲ್ಲೆಯನ್ನು ಕರ್ನಾಟಕದ ಮಧುಗಿರಿ, ಶಿರಸಿ, ಚಿಕ್ಕೋಡಿ ಮೊದಲಾದ ಶೈಕ್ಷಣಿಕ ಜಿಲ್ಲೆಗಳೊಂದಿಗೆ ಸಮೀಕರಿಸಲಾಗದು. ಶೈಕ್ಷಣಿಕ ಜಿಲ್ಲೆಯು ರಾಜ್ಯದ ಶಾಲಾ ಶಿಕ್ಷಣ ಇಲಾಖೆಯ ಆಡಳಿತ ಘಟಕ. ಅದಕ್ಕೆ ಚುನಾಯಿತ ಶಾಲಾ ಮಂಡಳಿಯಾಗಲಿ ತೆರಿಗೆ ವಿಧಿಸುವ ಅಧಿಕಾರವಾಗಲಿ ಇಲ್ಲ. ವಿದ್ಯಾರ್ಥಿಗಳ ದಾಖಲೆಗಳಿಗಾಗಿ ಎಸ್‌ಎಟಿಎಸ್, ಸರ್ಕಾರಿ ಶಿಕ್ಷಕರ ವೇತನಕ್ಕಾಗಿ ಎಚ್‌ಆರ್‌ಎಂಎಸ್ ಎಂಬ ರಾಜ್ಯಮಟ್ಟದ ವ್ಯವಸ್ಥೆಗಳು ಬಳಕೆಯಲ್ಲಿದ್ದು, ತಂತ್ರಾಂಶದ ಆಯ್ಕೆಯ ಅಧಿಕಾರ ಜಿಲ್ಲಾ ಹಂತದಲ್ಲಿರುವುದಿಲ್ಲ.