ಕಿಸೆಯಲ್ಲೊಂದು ಕ್ಯಾಮರಾ

ಛಾಯಾಚಿತ್ರ ತೆಗೆಸುವುದೆಂದರೆ ಒಂದು ಕಾಲಕ್ಕೆ ಮನೆಮಂದಿಗೆಲ್ಲ ಹಬ್ಬ. ಯಜಮಾನರು ಪೇಟ ಸುತ್ತಿ, ಹೆಂಗಸರು ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಯನ್ನು ಹೊರತೆಗೆದು ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳನ್ನು ಮುಂದಿಟ್ಟುಕೊಂಡು ಪೇಟೆಬೀದಿಯ ಸ್ಟುಡಿಯೋದ ಮೆಟ್ಟಿಲೇರುತ್ತಿದ್ದರು. ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತು, ಮತ್ತೆ ಕೆಲವು ದಿನ ಕಾದ ಮೇಲೆ ಪಟ ಕೈಸೇರುತ್ತಿತ್ತು. ಇಂದಾದರೋ ಬೆಳಗಿನ ಉಪ್ಪಿಟ್ಟಿನ ತಟ್ಟೆಯೂ ಬಾಯಿಗೆ ಹೋಗುವ ಮೊದಲು ಚಿತ್ರವಾಗುತ್ತದೆ. ಕಿಸೆಯಲ್ಲಿರುವ ಸ್ಮಾರ್ಟ್‌ಫೋನು ಮಾತಿಗೂ ಉಂಟು, ಪಟಕ್ಕೂ ಉಂಟು. ಹೀಗಿರುವಾಗ ಸಂಸಾರವಂದಿಗನು ಸಾವಿರಾರು ರೂಪಾಯಿ ತೆತ್ತು ಬೇರೊಂದು ಕ್ಯಾಮರಾ ಕೊಳ್ಳಬೇಕೆ? ಅನೇಕ ಮನೆಗಳಲ್ಲಿ ಈ ಪ್ರಶ್ನೆ ಎದ್ದಿದೆ.

ಪೆಟ್ಟಿಗೆಯಿಂದ ಕಿಸೆಗೆ

ಕ್ಯಾಮರಾವನ್ನು ಪಂಡಿತರ ಕೈಯಿಂದ ಬಿಡಿಸಿ ಜನಸಾಮಾನ್ಯರ ಕೈಗಿತ್ತವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. ಅವನು 1888ರಲ್ಲಿ ಹೊರತಂದ ಕೊಡಕ್ ಕ್ಯಾಮರಾದ ಬೆಲೆ 25 ಡಾಲರ್. ಅದರೊಳಗೆ ನೂರು ಚಿತ್ರಗಳಿಗಾಗುವಷ್ಟು ಫಿಲ್ಮು ಮೊದಲೇ ಇರುತ್ತಿತ್ತು. ಅದು ಮುಗಿದ ಮೇಲೆ ಕ್ಯಾಮರಾವನ್ನೇ ಕಾರ್ಖಾನೆಗೆ ಕಳುಹಿಸಬೇಕಾಗಿತ್ತು. 1900ರಲ್ಲಿ ಬಂದ ಬ್ರೌನಿ ಕ್ಯಾಮರಾ ಕೇವಲ ಒಂದು ಡಾಲರಿಗೆ ದೊರೆಯಿತು. ಭಾರತದ ಮಧ್ಯಮವರ್ಗದ ಮನೆಗಳಿಗೆ ಆಗ್ಫಾ ಕ್ಲಿಕ್‌ನಂಥ ಸರಳ ಕ್ಯಾಮರಾಗಳು ಬಂದವು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಹಲವರಿಗೆ ಇನ್ನೂ ನೆನಪಿರಬಹುದು. ಹನ್ನೆರಡೇ ಚಿತ್ರವಿದ್ದುದರಿಂದ ಗುಂಡಿ ಒತ್ತುವ ಮುನ್ನ ಎರಡು ಸಲ ಯೋಚಿಸುವುದು ಅಂದಿನ ಅಭ್ಯಾಸ.

ಫಿಲ್ಮಿಲ್ಲದ ಕ್ಯಾಮರಾ ಹುಟ್ಟಿದ್ದೂ ಫಿಲ್ಮಿನ ಮನೆಯಲ್ಲಿಯೇ ಎಂಬುದು ವಿಧಿಯ ವಿನೋದ. 1975ರಲ್ಲಿ ಕೊಡಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ ರಚಿಸಿದ ಡಿಜಿಟಲ್ ಕ್ಯಾಮರಾ ಸುಮಾರು ಮೂರೂವರೆ ಕಿಲೋಗ್ರಾಂ ತೂಗುತ್ತಿತ್ತು. ಒಂದು ಕಪ್ಪುಬಿಳುಪಿನ ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. 1997ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫಿಲಿಪ್ ಕಾನ್ ಎಂಬಾತ ತನ್ನ ಮಗಳು ಹುಟ್ಟಿದಾಗ ಡಿಜಿಟಲ್ ಕ್ಯಾಮರಾ, ಮೊಬೈಲ್ ಫೋನು, ಲ್ಯಾಪ್‌ಟಾಪು ಮೂರನ್ನೂ ತಂತಿಯಿಂದ ಜೋಡಿಸಿ, ಹಸುಗೂಸಿನ ಚಿತ್ರವನ್ನು ಆಸ್ಪತ್ರೆಯಿಂದಲೇ ಬಂಧುಮಿತ್ರರಿಗೆ ಕಳುಹಿಸಿದನು. 2000ದಲ್ಲಿ ಜಪಾನಿನ ಶಾರ್ಪ್ ಕಂಪನಿ ಕ್ಯಾಮರಾ ಅಡಕವಾದ ಫೋನನ್ನು ಮಾರುಕಟ್ಟೆಗೆ ತಂದಿತು. ಅದರ ಚಿತ್ರದಲ್ಲಿದ್ದ ಚುಕ್ಕಿಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಇಂದಿನ ಫೋನುಗಳಲ್ಲಿ ಅವು ಕೋಟಿಗಟ್ಟಲೆ.

ಫಲವೇನಾಯಿತು? ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಹನ್ನೆರಡು ಕೋಟಿಗೂ ಮಿಕ್ಕಿ ಡಿಜಿಟಲ್ ಕ್ಯಾಮರಾಗಳು ಕಾರ್ಖಾನೆಯಿಂದ ಹೊರಬಿದ್ದವು. 2020ರಲ್ಲಿ ಆ ಸಂಖ್ಯೆ ತೊಂಬತ್ತು ಲಕ್ಷವನ್ನೂ ಮುಟ್ಟಲಿಲ್ಲ. ಕೊಡಕ್ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು.

ಸಣ್ಣ ಕಣ್ಣು, ಚುರುಕು ಬುದ್ಧಿ

ಮಳೆ ಸುರಿಯುವಾಗ ಅಂಗಳದಲ್ಲಿ ಒಂದು ಲೋಟವನ್ನೂ ಒಂದು ಕೊಪ್ಪರಿಗೆಯನ್ನೂ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ನಿಂತೀತು? ಬೆಳಕಿನ ವಿಷಯವೂ ಹಾಗೆಯೇ. ದೊಡ್ಡ ಕ್ಯಾಮರಾದಲ್ಲಿ ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಫಲಕದ ಅಳತೆ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಬಹುಪಾಲು ಫೋನುಗಳ ಫಲಕ ಇದರ ಹತ್ತನೆಯ ಒಂದು ಪಾಲಿನಷ್ಟೂ ಇಲ್ಲ.

ಈ ಕೊರತೆಯನ್ನು ಫೋನು ಗಣಿತದಿಂದ ತುಂಬಿಕೊಳ್ಳುತ್ತದೆ. ಗುಂಡಿಯನ್ನು ಒಂದು ಸಲ ಒತ್ತಿದರೂ ಅದು ಒಂದರ ಹಿಂದೊಂದರಂತೆ ಹಲವು ಚಿತ್ರಗಳನ್ನು ತೆಗೆದು, ಅವುಗಳನ್ನು ಒಂದರ ಮೇಲೊಂದು ಹೊಂದಿಸಿ, ಕಾಳನ್ನು ಉಳಿಸಿ ಜಳ್ಳನ್ನು ತೂರಿಬಿಡುತ್ತದೆ. 2018ರಲ್ಲಿ ಗೂಗಲ್ ಕಂಪನಿ ತನ್ನ ಪಿಕ್ಸೆಲ್ ಫೋನುಗಳಿಗೆ ನೀಡಿದ ರಾತ್ರಿಚಿತ್ರದ ಸೌಕರ್ಯ ಈ ಉಪಾಯದಿಂದಲೇ ಕತ್ತಲೆಯಲ್ಲಿ ಬೆಳಕು ಕಂಡಿತು. ಮುಖವನ್ನು ಸ್ಫುಟಗೊಳಿಸಿ ಹಿನ್ನೆಲೆಯನ್ನು ಮಸುಕಾಗಿಸುವ ಕೆಲಸ ದೊಡ್ಡ ಕ್ಯಾಮರಾದಲ್ಲಿ ಗಾಜಿನ ಗುಣ. ಫೋನಿನಲ್ಲಿ ಬಹುಮಟ್ಟಿಗೆ ಲೆಕ್ಕಾಚಾರದ ಫಲ. ಆದ್ದರಿಂದಲೇ ಅಮ್ಮನ ಮುಂಗುರುಳೋ ಮಗುವಿನ ಕನ್ನಡಕದ ಅಂಚೋ ಒಮ್ಮೊಮ್ಮೆ ಹಿನ್ನೆಲೆಯೊಡನೆ ಕರಗಿಹೋಗುತ್ತದೆ.

ಈ ಚಾತುರ್ಯಕ್ಕೆ ಇನ್ನೊಂದು ಮುಖವೂ ಉಂಟು. ಸ್ಯಾಮ್‌ಸಂಗ್ ಫೋನುಗಳು ತೆಗೆಯುವ ಚಂದ್ರನ ಚಿತ್ರದ ಬಗೆಗೆ 2023ರಲ್ಲಿ ದೊಡ್ಡ ವಾಗ್ವಾದ ನಡೆಯಿತು. ಬೇಕೆಂದೇ ಮಸುಕಾಗಿಸಿದ ಚಂದ್ರಬಿಂಬವನ್ನು ಫೋನಿಗೆ ತೋರಿಸಿದರೂ ಅದರಲ್ಲಿ ಕುಳಿಗಳು ಮೂಡಿದ್ದವು. ಕೃತಕ ಬುದ್ಧಿಯ ನೆರವಿನಿಂದ ವಿವರಗಳನ್ನು ಸ್ಫುಟಗೊಳಿಸುತ್ತೇವೆಂದು ಕಂಪನಿ ವಿವರಿಸಿತು. ಕಂಡದ್ದನ್ನು ಕಂಡಂತೆ ತೋರಿಸುವುದೇ ಛಾಯಾಚಿತ್ರದ ಧರ್ಮವೆಂದು ನಂಬಿದವರಿಗೆ ಇದು ಯೋಚಿಸಬೇಕಾದ ಮಾತು.

ಯಾವುದಕ್ಕೆ ಯಾವುದು?

ಆದರೂ ನಿತ್ಯದ ಬದುಕಿಗೆ ಫೋನೇ ಮೇಲೆಂಬುದರಲ್ಲಿ ಸಂಶಯವಿಲ್ಲ. ಮಗು ಮೊದಲ ಹೆಜ್ಜೆಯಿಡುವಾಗ ಬೀರುವಿನಲ್ಲಿರುವ ಕ್ಯಾಮರಾ ಎಷ್ಟು ಉತ್ತಮವಾಗಿದ್ದರೇನು? ಅದನ್ನು ತರುವಷ್ಟರಲ್ಲಿ ಮಗು ಕುಳಿತಿರುತ್ತದೆ. ಕೈಗೆಟಕುವ ಕ್ಯಾಮರಾವೇ ಕೆಲಸಕ್ಕೆ ಬರುವ ಕ್ಯಾಮರಾ.

ಆದರೆ ಕಬಿನಿ ಹಿನ್ನೀರಿನ ಆಚೆ ದಡದಲ್ಲಿ ಕುಳಿತ ಹಕ್ಕಿಗೆ ಉದ್ದದ ಮಸೂರವೇ ಬೇಕು. ಮಂದ ಬೆಳಕಿನ ರಂಗಸ್ಥಳದಲ್ಲಿ ಗಿರಕಿ ಹೊಡೆಯುವ ಯಕ್ಷಗಾನದ ವೇಷ ಫೋನಿನ ಚಿತ್ರಗಣಿತಕ್ಕೆ ಸಿಕ್ಕುವ ಮುನ್ನವೇ ಜಾರಿಹೋಗುತ್ತದೆ. ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದವರು ವನ್ಯಜೀವಿ ಛಾಯಾಗ್ರಹಣದಲ್ಲಿ ಗಳಿಸಿದ ಕೀರ್ತಿಯ ಹಿಂದೆ ತಕ್ಕ ಉಪಕರಣ, ಅದಕ್ಕೂ ಮಿಗಿಲಾದ ತಾಳ್ಮೆ ಎರಡೂ ಇದ್ದವು. ಇಂಥ ಹವ್ಯಾಸವುಳ್ಳವರು ಕ್ಯಾಮರಾ ಕೊಂಡರೆ ಹಣ ವ್ಯರ್ಥವಾಗದು. ಹವ್ಯಾಸವಿಲ್ಲದೆ ನೆರೆಮನೆಯವರನ್ನು ನೋಡಿ ಕೊಂಡ ಕ್ಯಾಮರಾ ಮಾತ್ರ ಬೀರುವಿಗೆ ಭಾರ.

ಉಳಿಯುವ ಬಗೆ

ಯಾವುದರಿಂದ ತೆಗೆಯಬೇಕೆಂಬ ಚರ್ಚೆಯ ಭರದಲ್ಲಿ ತೆಗೆದುದನ್ನು ಹೇಗೆ ಉಳಿಸಬೇಕೆಂಬ ಮಾತು ಮರೆತುಹೋಗುತ್ತದೆ. ಅಜ್ಜಿಯ ಮದುವೆಯ ಒಂದೇ ಪಟ ಅರವತ್ತು ವರ್ಷ ಬಾಳಿದೆ. ಮೊಮ್ಮಗನ ಐದು ಸಾವಿರ ಚಿತ್ರಗಳು, ಫೋನು ಬಸ್ಸಿನಲ್ಲಿ ಕಳೆದುಹೋದ ಒಂದು ಸಂಜೆಯಲ್ಲಿ ಇಲ್ಲವಾಗಬಹುದು. ಸಂದೇಶದ ಮೂಲಕ ಕಳುಹಿಸಿದ ಚಿತ್ರ ಸಾಮಾನ್ಯವಾಗಿ ಕುಗ್ಗಿಯೇ ಹೋಗುವುದರಿಂದ ಬಂಧುಗಳ ಬಳಿ ಇರುವ ಪ್ರತಿಯನ್ನೂ ಪೂರ್ಣವಾಗಿ ನೆಚ್ಚುವಂತಿಲ್ಲ.

ಆದ್ದರಿಂದ ಮೂಲಚಿತ್ರಗಳನ್ನು ಫೋನಿನ ಹೊರಗೆ ಎರಡು ಕಡೆಯಾದರೂ ಇರಿಸುವುದು ಲೇಸು. ತೆಗೆಯುವ ಮುನ್ನ ಕಿಸೆಯ ಧೂಳು, ಬೆರಳಿನ ಜಿಡ್ಡು ಹತ್ತಿದ ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಬೇಕು. ಪರದೆಯ ಮೇಲೆ ಬೆರಳಾಡಿಸಿ ದೂರದ್ದನ್ನು ಹಿಗ್ಗಿಸುವುದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ನಡೆಯಬೇಕು. ವರ್ಷಕ್ಕೆ ಹನ್ನೆರಡೇ ಚಿತ್ರಗಳನ್ನು, ಹಿಂದಿನ ಒಂದು ಸುರುಳಿಯಷ್ಟನ್ನು, ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿಗೆ ಹೆಸರು, ಊರು, ತಾರೀಖು ಬರೆದಿಟ್ಟರೆ ಮುಂದೊಂದು ದಿನ ಮೊಮ್ಮಕ್ಕಳು “ಇವರು ಯಾರು?” ಎಂದು ಕೇಳುವ ಪ್ರಮೇಯ ಬಾರದು.