ಅಳೆದು ನುಡಿಯುವ ಜಂಗಮವಾಣಿ

ಬಾನುಲಿ ನಿಲಯದ ಪ್ರೇಷಕಯಂತ್ರವು ಆದಷ್ಟು ದೂರ ಮುಟ್ಟಲೆಂದು ಕಿಲೋವಾಟುಗಟ್ಟಲೆ ಬಲದಿಂದ ನುಡಿಯುತ್ತದೆ. ತಮ್ಮ ಜೇಬಿನ ಮೊಬೈಲು (ಪಂಡಿತರು ಜಂಗಮವಾಣಿ ಎಂದರು, ಜನ ಒಪ್ಪಲಿಲ್ಲ) ಅದೂ ಒಂದು ಪುಟ್ಟ ಪ್ರೇಷಕವೇ. ಆದರೆ ಅದಕ್ಕೆ ಹಾಗೆ ಕೂಗುವ ಅಧಿಕಾರವಿಲ್ಲ. ಒಂದೇ ಗೋಪುರದೊಡನೆ ಏಕಕಾಲಕ್ಕೆ ಅನೇಕರು ಮಾತನಾಡುತ್ತಿರುತ್ತಾರಷ್ಟೆ?

ಮದುವೆಮನೆಯ ಊಟದ ಪಂಕ್ತಿಯನ್ನು ನೆನೆಯಿರಿ. ಒಬ್ಬರು ದನಿಯೆತ್ತಿದರೆ ಪಕ್ಕದವರೂ ಎತ್ತುತ್ತಾರೆ; ಕೊನೆಗೆ ಮೂಲೆಯಲ್ಲಿ ಕುಳಿತು ಸಾರು ಕೇಳಿದವರ ಮಾತು ಬಡಿಸುವವರ ಕಿವಿಗೆ ಬೀಳದು. ಗೋಪುರದ ಪಾಡೂ ಇದೇ. ತೆರವಾದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಅಲೆಯ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಕಟ್ಟಡಗಳ ನಡುವೆ ಇನ್ನೂ ಬೇಗ. ಗೋಪುರದಿಂದ ೧೦೦ ಮೀಟರ್ ದೂರದ ಫೋನೂ ೧ ಕಿಲೋಮೀಟರ್ ದೂರದ ಫೋನೂ ಸಮಬಲದಿಂದ ನುಡಿದರೆ, ಹತ್ತಿರದ್ದು ೧೦,೦೦೦ ಪಟ್ಟು ಜೋರಾಗಿ ಕೇಳಿಸುವುದುಂಟು.

ಎಲ್ಲರೂ ಒಂದೇ ತರಂಗಪಟ್ಟಿಯಲ್ಲಿ ನುಡಿದು, ಸಂಕೇತಗಳಿಂದ ಮಾತ್ರ ಬೇರೆಯಾಗುವ ಸಿಡಿಎಂಎ ಪದ್ಧತಿಗೆ ಇದು ಜೀವನ್ಮರಣದ ಪ್ರಶ್ನೆಯಾಯಿತು. ಅದು ನಡೆಯದ ಮಾತೆಂದವರು ಬಹುಮಂದಿ. ೧೯೮೯ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಕ್ವಾಲ್‌ಕಾಮ್ ಸಂಸ್ಥೆ ಅದನ್ನು ನಡೆಸಿ ತೋರಿಸಿತು. ಉಪಾಯ ಸರಳ: ಗೋಪುರವು ಪ್ರತಿ ಫೋನಿನ ದನಿಯನ್ನೂ ಅಳೆದು ‘ಏರಿಸು’ ಅಥವಾ ‘ಇಳಿಸು’ ಎಂದಷ್ಟೇ ಆಜ್ಞಾಪಿಸುವುದು. ಈ ಪದ್ಧತಿಯಲ್ಲಿ ಸೆಕೆಂಡಿಗೆ ೮೦೦ ಆಜ್ಞೆಗಳು. ಮುಂದೆ ಬಂದ ಮೂರನೆಯ ತಲೆಮಾರಿನ ಡಬ್ಲ್ಯುಸಿಡಿಎಂಎ ಜಾಲದಲ್ಲಿ ೧,೫೦೦! ಒಂದೊಂದು ‘ಏರಿಸು’ವಿಗೂ ಬಲ ಸಾಮಾನ್ಯವಾಗಿ ಕಾಲುಭಾಗದಷ್ಟು ಹೆಚ್ಚುತ್ತದೆ.

ಇಷ್ಟು ಆತುರವೇಕೆ ಎನ್ನುವಿರಾ? ಗೋಡೆಗಳಿಗೆ ತಾಗಿ ಬಂದ ಅಲೆಗಳು ಒಂದೆಡೆ ಕೂಡುತ್ತವೆ, ಇನ್ನೊಂದೆಡೆ ಪರಸ್ಪರ ಅಳಿಸಿಹಾಕುತ್ತವೆ. ಫೋನು ಗೇಣುದ್ದ ಸರಿದರೂ ಬಲ ಬದಲಾದೀತು; ಬಸ್ಸಿನಲ್ಲಿ ಹೋಗುವವರ ಗತಿಯನ್ನು ತಾವೇ ಊಹಿಸಿರಿ. ಒಬ್ಬೊಬ್ಬರಿಗೆ ಪ್ರತ್ಯೇಕ ಕಾಲಾಂಶವನ್ನು ಹಂಚಿಕೊಡುವ ಜಿಎಸ್‌ಎಂ ಪದ್ಧತಿಗೆ ಈ ಅವಸರವಿಲ್ಲ. ಅಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ತಿದ್ದಿದರೆ ಸಾಕು.

ಈಚೆಗೆ ಬೀದಿಯಲ್ಲಿ ಗೋಪುರ ಬೇಡವೆಂಬ ತಕರಾರನ್ನು ಅಲ್ಲಲ್ಲಿ ಕೇಳುತ್ತೇವೆ. ಗೋಪುರದ ಅಲೆಗಳಿಗೆ ಮಿತಿ ಇರಲೇಬೇಕು, ಅದು ನ್ಯಾಯ. ಆದರೆ ಗೋಪುರ ದೂರ ಸರಿದಷ್ಟೂ ‘ಏರಿಸು’ ಎಂಬ ಆಜ್ಞೆ ಬರುವುದು ನಮ್ಮ ಕಿವಿಗೆ ಒತ್ತಿಕೊಂಡ ಫೋನಿಗೆ. ೯೦೦ ಮೆಗಾಹರ್ಟ್ಸ್‌ನ ಜಿಎಸ್‌ಎಂ ಕೈಫೋನು ಗರಿಷ್ಠ ೨ ವಾಟಿನವರೆಗೂ ಏರಬಲ್ಲದು. ಲಿಫ್ಟಿನಲ್ಲೋ ನೆಲಮಾಳಿಗೆಯಲ್ಲೋ ಮಾತನಾಡುವಾಗ ಫೋನು ಬಿಸಿಯಾಗಿ ಬ್ಯಾಟರಿ ಬೇಗ ಬರಿದಾಗುವುದಕ್ಕೂ ಈ ಏರುದನಿಯೇ ಬಹುಮಟ್ಟಿಗೆ ಕಾರಣ.